ಮೂರನೇ ದರ್ಜೆಯ ಒಳಗಾಲು

ಕುರುಗೋಡು,
೧೨-೨-೧೯೬೮

ಪ್ರೀತಿಯ ಮೊಮ್ಮಗ ಕೊಟ್ಟೂರಪ್ಪನಿಗೆ,

ಮೈ ಹೇಗಿದೆ? ಭುಜದ ಉಳುಕು ವಾಸಿಯಾಯಿತೇ? ಬಳ್ಳಾರಿ ಗರಡಿಯಲ್ಲಿ ಹೊಟ್ಟೆ ತುಂಬ ತಿನ್ನುತ್ತೀಯೋ ಇಲ್ಲವೋ ಎಂದು ನಿನ್ನ ಅಜ್ಜಿ ಚನ್ನವೀರಮ್ಮ ದಿನಾ ಕೇಳುತ್ತಾಳೆ. ನನ್ನ ಮೊಣಕಾಲು ನೋಯುತ್ತಲೇ ಇದೆ. ಕ್ಷೇಮ ಸಮಾಚಾರ ಇಷ್ಟು. ಇನ್ನು ಬೈಗುಳ.

ನಿನ್ನ ಕಾಗದ ಓದಿ ಹೇಸಿಗೆಯಾಯಿತಪ್ಪ. ಬ್ರೂಸ್‌ಪೇಟೆಯ ಬೆಲ್ಲದ ವ್ಯಾಪಾರಿ ಗಾದಿಲಿಂಗಪ್ಪ ಊರೂರಿನ ಕುಸ್ತಿ ನೋಡಿ, ಯಾವ ಪಟ್ಟಿನಿಂದ ಎಷ್ಟು ಮಂದಿ ಗೆದ್ದರೆಂದು ಲೆಕ್ಕ ಹಾಕಿ, ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಎಂದು ವಿಂಗಡಿಸಿ ಗರಡಿಯ ಗೋಡೆಗೆ ಅಂಟಿಸಿದ್ದಾನೆ. ನೀನು ಅದರ ಮುಂದೆ ಕೈ ಮುಗಿದು ನಿಲ್ಲುವುದೊಂದು ಬಾಕಿ. “ತಾತಾ, ಹೊಸಬರು ಒಂದನೇ ದರ್ಜೇವು ಅಷ್ಟ ಕಲಿತ್ರ ಸಾಕಂತ” ಎಂದು ನನಗೇ ಬರೆಯುತ್ತೀಯ. ಥೂ! ಆ ಮನುಷ್ಯ ಒಂದು ದಿನವೂ ಮಟ್ಟಿಯ ಮಣ್ಣಿಗೆ ಇಳಿದವನಲ್ಲ. ಕಣದ ಅಂಚಿನಲ್ಲಿ ಕೊಡೆ ಹಿಡಿದು ಕೂತು ಶೇಂಗಾ ತಿನ್ನುವವನು. ಅವನ ಲೆಕ್ಕ ಸುಳ್ಳೆನ್ನುವುದಿಲ್ಲ. ಕುತ್ತಿಗೆ ಬಳಸಿ ಸೊಂಟದ ಮೇಲಿಂದ ಎಸೆಯುವ ಡಾಕ್‌ನಿಂದ ಗೆದ್ದವರೇ ಹೆಚ್ಚು, ನಿಜ. ಆದರೆ ಅವರೆಲ್ಲ ವರ್ಷಗಟ್ಟಲೆ ಮಟ್ಟಿಯಲ್ಲಿ ಹೊರಳಿದ ಎತ್ತರದ ಆಳುಗಳು. ನೀನು ಕುಳ್ಳ, ಗರಡಿ ಸೇರಿ ಇನ್ನೂ ವರ್ಷ ತುಂಬಿಲ್ಲ. ಭುಜ ಉಳುಕಿದ್ದು ಆ ಡಾಕ್ ಹಾಕಲು ಹೋಗಿಯೇ ಅಲ್ಲವೇನೋ? ಮೊದಲು ನಿಲ್ಲುವುದನ್ನು ಕಲಿ, ಬೀಳುವುದನ್ನು ಕಲಿ. ಯಾವ ಪಟ್ಟು ಒಗ್ಗುತ್ತದೆಂದು ನಿನ್ನ ಮೈಯೇ ಹೇಳುತ್ತದೆ. ಆಮೇಲೆ ಬೇಕಾದರೆ ಆ ಗೋಡೆ ನೋಡುವಿಯಂತೆ.

ಇದನ್ನಾದರೂ ಸಹಿಸುತ್ತಿದ್ದೆ. ಹೋದ ತಿಂಗಳು ಸಿರುಗುಪ್ಪದ ಕಣದಲ್ಲಿ ನಿನ್ನ ತೂಕದವನೇ ಆದ ಹಚ್ಚೊಳ್ಳಿಯ ಓಬಣ್ಣ ಕುಸ್ತಿಯ ಜೋಡಿಗೆಂದು ಕೈ ಚಾಚಿದರೆ, ನೀನು ಕೈ ಹಿಂದೆ ಕಟ್ಟಿ ನಿಂತೆಯಂತೆ. “ಒಳಗಾಲು ಬಿಟ್ರ ಅವಂಗೇನ್ ಬರ್ತೈತಿ? ಮೂರನೇ ದರ್ಜೆಯವನ ಸಂಗಾಟ ನಾ ಹಿಡಿಯಂಗಿಲ್ಲ” ಎಂದೆಯಂತೆ, ಅಷ್ಟು ಜನರೆದುರು. ಅಸಹ್ಯ! ಕಣದಲ್ಲಿ ಚಾಚಿದ ಕೈ ಹಿಡಿಯದವನನ್ನು ಈ ಸೀಮೆಯಲ್ಲಿ ಯಾರೂ ಕುಸ್ತಿಗೆ ಕರೆಯುವುದಿಲ್ಲ. ನಮ್ಮೂರಿನವರೂ ಮುಂದಿನ ಕುಸ್ತಿಗೆ ನಿನ್ನ ಹೆಸರು ಬಿಟ್ಟಿದ್ದಾರೆ. ನನ್ನೆದುರೇ ಬಿಟ್ಟರು, ನಾನು ತಲೆ ತಗ್ಗಿಸಿ ಎದ್ದು ಬಂದೆ. ಎದುರಾಳಿಯ ಕಾಲೊಳಗೆ ಕಾಲು ಸಿಕ್ಕಿಸಿ ಕೆಡವುವ, ಗಾದಿಲಿಂಗಪ್ಪ ಮೂರನೇ ದರ್ಜೆಗೆ ತಳ್ಳಿದ ಆ ಒಳಗಾಲಿನಿಂದಲೇ, ಮಗನೇ, ನಿನ್ನ ತಾತ ಈ ಸೀಮೆಯಲ್ಲೆಲ್ಲ ಹೆಸರು ಮಾಡಿದ್ದು. ಈ ಮೊಣಕಾಲು ಸುಮ್ಮನೆ ಸವೆದದ್ದಲ್ಲ.

ಅಜ್ಜಿ ನಿನಗೆಂದು ತುಪ್ಪ ಕಾಸಿಟ್ಟಿದ್ದಾಳೆ. ಇಂಥವನಿಗೆ ತುಪ್ಪ ಬೇರೆ ಕೇಡು ಎಂದೆ. “ಬೈಯೋದು ಬೈರಿ, ತುಪ್ಪ ಕಳಸ್ರಿ” ಎಂದಳು.

ದೊಡ್ಡಬಸವೇಶ್ವರ ನಿನಗೆ ತೋಳಬಲದ ಜೊತೆಗೆ ಚೂರು ಬುದ್ಧಿಯನ್ನೂ ಕೊಡಲಿ. ಉಸ್ತಾದರಿಗೆ ನನ್ನ ಶರಣು ತಿಳಿಸು.

ಇಂತಿ, ಸಿಟ್ಟಿನಲ್ಲಿರುವ ನಿನ್ನ ತಾತ,
ಹಾಲಸಿದ್ದಪ್ಪ

ತಾ.ಕ.: ತುಪ್ಪದ ಡಬ್ಬಿ ಭಾನುವಾರ ಓಬಣ್ಣನ ಕೈಯಲ್ಲಿ ಬರುತ್ತದೆ. ಸಿರುಗುಪ್ಪದಿಂದ ಆ ಹುಡುಗ ನೆಟ್ಟಗೆ ನನ್ನಲ್ಲಿಗೇ ಬಂದಿದ್ದ. “ನಂದು ಮೂರನೇ ದರ್ಜೇನಾ, ತಾತಾ?” ಎಂದು ಅತ್ತುಬಿಟ್ಟ. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ಒಳಗಾಲು ಅವನಿಗೆ ಪೂರಾ ಬಂದಿದೆ. ಡಬ್ಬಿ ಕೆಳಗಿಟ್ಟು, ಗರಡಿಯವರೆಲ್ಲರ ಎದುರು ಅವನು ಮತ್ತೆ ಕೈ ಚಾಚುತ್ತಾನೆ. ಈ ಸಲ ಹಿಡಿ. ಬೀಳುತ್ತೀಯ, ನನಗೆ ಗೊತ್ತು. ಕೈ ಹಿಡಿದು ಬಿದ್ದವನನ್ನು ಕುರುಗೋಡಿನವರು ಮತ್ತೆ ಕರೆಯುತ್ತಾರೆ.