ಬರೀ ಬಾರ್ಲಿ ನೀರು

ಅರೆಕಿಪಾ, ಮಂಗಳವಾರ

ಪ್ರೀತಿಯ ಸಾಬಿನೊ,

ಸಂಜೆ ಆರು ಗಂಟೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತೂ ಕಷಾಯ ಮಾರುವ ಗಾಡಿ ತೆಗೆಯಲಿಲ್ಲ. ನಿನ್ನ ಆಪರೇಷನ್ ಆಗಿ ಮೂರನೇ ದಿನ. ಹನ್ನೊಂದಕ್ಕೆ ಒಳಗೆ ಬಿಟ್ಟರು, ಅರ್ಧ ಗಂಟೆ.

ನಿನ್ನನ್ನು ದಾಟಿ ಮುಂದೆ ಹೋಗಿಬಿಟ್ಟೆ. "ಅಮ್ಮಾ, ಎಲ್ಲಿಗೆ ಹೊರಟ್ರಿ? ನಿಮ್ಮ ಯಜಮಾನ್ರು ಇಲ್ಲೇ ಇದ್ದಾರಲ್ಲ" ಅಂದಳು ನರ್ಸ್ ಯೆಸೆನಿಯಾ. ನಿನ್ನ ಮುಖವೆಲ್ಲ ಊದಿ ಕಣ್ಣು ಮುಚ್ಚಿಹೋಗಿತ್ತು. ಕಿವಿ ನೋಡಿ ಗುರುತು ಹಿಡಿದೆ. ಬಾಯಲ್ಲಿ ಕೊಳವೆ. ಕಿತ್ತುಕೊಳ್ಳಬಾರದೆಂದು ಎರಡೂ ಕೈ ಮಂಚಕ್ಕೆ ಕಟ್ಟಿದ್ದರು.

"ಹೃದಯದ ಹೊಸ ಕವಾಟ ಚೆನ್ನಾಗಿದೆ" ಅಂದರು ಡಾಕ್ಟರ್. "ಹೃದಯ ನಿಲ್ಲಿಸಿದ ಮೂರು ಗಂಟೆ ಅವರ ರಕ್ತ ಯಂತ್ರದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸುತ್ತಿತು. ಆ ಪ್ಲಾಸ್ಟಿಕ್ಕನ್ನ ಶತ್ರು ಅಂದ್ಕೊಂಡು ರಕ್ತ ಕೆರಳಿದೆ. ಈಗ ಮೈಯೊಳಗೆ ವಾಪಸ್ ಬಂದು ಅಲ್ಲೇ ಜಗಳ ಆಡ್ತಿದೆ. ಸೋಂಕಲ್ಲ, ಉರಿಯೂತ."

ಅಂಥ ಹೊತ್ತಿನಲ್ಲೂ ನಗು ಬಂತು. ಬಸ್ ಓಡಿಸುವಾಗ ಪೊಲೀಸನ ಜೊತೆ ಜಗಳವಾಡಿ, ಮನೆಗೆ ಬಂದು ಸೂಪಿಗೆ ಉಪ್ಪಿಲ್ಲವೆಂದು ಕೂಗುತ್ತಿದ್ದವನು ನೀನು. ನಿನ್ನ ರಕ್ತಕ್ಕೂ ಅದೇ ಗುಣ.

ಉರಿಯೂತ! ಇಪ್ಪತ್ತೆರಡು ವರ್ಷ ಆ ಮಾತಿನಿಂದಲೇ ನಮ್ಮ ಹೊಟ್ಟೆ ತುಂಬಿದ್ದು. ಗಾಡಿಗೆ ಬಂದವರೆಲ್ಲ "ನೆಲಿದಾ, ಕಿಡ್ನಿಗೆ ಉರಿಯೂತ, ಬಿಸಿಬಿಸಿ ಎಮೊಲಿಯೆಂತೆ ಕೊಡಮ್ಮ" ಅನ್ನುತ್ತಿದ್ದರು. ಬಾರ್ಲಿ, ಅಗಸೆ ಬೀಜ, ಕುದುರೆಬಾಲ ಎಂಬ ಸೊಪ್ಪು ಕುದಿಸಿ, ನಿಂಬೆ ಹಿಂಡಿ ಆ ಕಷಾಯ ಕೊಡುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಅದನ್ನು ನಂಬಿದವನು ನೀನು. "ಇದು ಇರೋವಾಗ ನನ್ನ ಎದೆ ಯಾಕೆ ಕೊಯ್ಸ್ತೀಯೇ?" ಅಂದೆಯಲ್ಲ. "ಇದು ಬರೀ ಬಾರ್ಲಿ ನೀರು ಕಣೋ ಪೆದ್ದ. ಕುದಿಸೋಳು ನಾನು, ನಂಗೆ ಗೊತ್ತಿಲ್ವಾ?" ಎಂದು ಗದರಿಸಿ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ನಿನ್ನಿಂದ ರುಜು ಹಾಕಿಸಿದೆ.

ಇವತ್ತು ಅದನ್ನೇ ಬಾಟಲಿಯಲ್ಲಿ ತುಂಬಿ ಶಾಲಿನೊಳಗೆ ಬಚ್ಚಿಟ್ಟು ತಂದಿದ್ದೆ. ಹತ್ತಿ ಅದ್ದಿ ನಿನ್ನ ತುಟಿಗೆ ತಾಗಿಸುವಷ್ಟರಲ್ಲಿ ಯೆಸೆನಿಯಾ ಕೈ ಹಿಡಿದಳು. "ಒಂದು ಹನಿ ಶ್ವಾಸಕ್ಕೆ ಹೋದ್ರೆ ಏನು ಗತಿ? ಮಾರೋರು ನೀವು, ನಿಮಗೂ ಇದರಲ್ಲಿ ನಂಬಿಕೆನಾ?" ಹೊರಗೆ ಬಂದು ನಾನೇ ಕುಡಿದೆ. ತಣ್ಣಗಾಗಿ ಲೋಳೆ ಕಟ್ಟಿತ್ತು.

ನಾಲ್ಕಕ್ಕೆ ಡಾಕ್ಟರ್ ಮತ್ತೆ ಕರೆದರು. ನಿನಗೆ ಮೂತ್ರ ನಿಂತಿದೆ. ರಕ್ತ ಶುದ್ಧಮಾಡಲು ಇನ್ನೊಂದು ಯಂತ್ರ ಬೇಕಂತೆ.

"ಅದರಲ್ಲೂ ಪ್ಲಾಸ್ಟಿಕ್ ಕೊಳವೆನಾ?"

"ಹೌದಮ್ಮ."

"ರಕ್ತ ಮತ್ತೆ ಕೆರಳಿದ್ರೆ?"

"ಕೆರಳಬಹುದು. ಹಾಕದಿದ್ರೆ ಮಾತ್ರ ಉಳಿಯೋದಿಲ್ಲ."

ಹೋದ ಸಲ ಬೇಡ ಎನ್ನಲಿಕ್ಕಾದರೂ ನಿನಗೆ ಬಾಯಿತ್ತು. ಈ ಸಲ ಒಪ್ಪಿಗೆ ಪತ್ರದಲ್ಲಿ ನಿನ್ನ ಪರವಾಗಿ ನನ್ನ ಹೆಸರನ್ನೇ ಬರೆದೆ. ಕ್ಷಮಿಸು ಎಂದು ಕೇಳಲಾರೆ. ಬದುಕಿ ಬಂದು ಬೈ.

ದೇವಮಾತೆ ನಿನ್ನ ರಕ್ತದ ಸಿಟ್ಟು ಇಳಿಸಲಿ. ಬೆಳಗ್ಗೆ ಎಂಟಕ್ಕೆ ಯಂತ್ರ ಜೋಡಿಸುತ್ತಾರೆ. ಹನ್ನೊಂದರ ತನಕ ನನ್ನನ್ನು ಒಳಗೆ ಬಿಡುವುದಿಲ್ಲ.

ನಿನ್ನ
ನೆಲಿದಾ