ಪಂಜಾ ಕೂಡ್ರದ ಮೊಹರಂ

ಕುಪ್ಪೇಲೂರು
14-7-1992

ಕುತುಬುದ್ದೀನನಿಗೆ ನೀಲಗಂಗವ್ವನ ಆಶೀರ್ವಾದ.

ಮೊಹರಂ ದಿನ ಪಂಜಾ ದೇವರ ಐದು ಬೆರಳಿನ ಹಸ್ತಕ್ಕೆ ಹೂ ಏರಿಸಿ, ಅದರ ಮುಂದೆ ಹರಕೆಯ ಸಕ್ಕರೆ ಓದಿಸಲು ಹೋದೆ. ಮಸೂತಿಗೆ ಬೀಗ ಹಾಕಿತ್ತು. ನಿಮ್ಮ ತಾಯಿ ಹಸೀನಾಬಿ ತಲೆ ತಗ್ಗಿಸಿಕೊಂಡೇ ಹೇಳಿದರು: "ಕುತುಬು ಪಂಜಾನ ಮೇಡ್ಲೇರಿ ಹೊಳಿಗೆ ಬಿಟ್ಟು ಬಂದಾನವ್ವ. ಅದು ನಮ್ಮ ಧರ್ಮದಾಗ ಇಲ್ಲಂತ."

ಮನೆಗೆ ಬಂದರೆ ನನ್ನ ಮಗ ಪ್ರಭುಲಿಂಗಪ್ಪನೂ, "ಚಲೋ ಆತು ಬಿಡವ್ವ, ಅದು ನಮ್ಮ ದೇವರೂ ಅಲ್ಲ," ಎಂದ.

ನಿನ್ನ ಧರ್ಮಕ್ಕೂ ಅವನ ಧರ್ಮಕ್ಕೂ ಗ್ರಂಥಗಳಿವೆ, ಗುರುಗಳಿದ್ದಾರೆ, ದೊಡ್ಡ ದೊಡ್ಡ ಊರುಗಳಿವೆ. ಅವು ಉಳಿಯುತ್ತವೆ. ನಮ್ಮ ಪಂಜಾಕ್ಕೆ ಇದ್ದವು ಎರಡೇ ಮನೆ, ನಿಮ್ಮದು ಮತ್ತು ನಮ್ಮದು. ನಿಮ್ಮಪ್ಪ ಬುಡನಸಾಬರು ಸಾಯುವ ಮುಂದೆ ನಿನ್ನ ಕೈ, ನನ್ನ ಕೈ ಹಿಡಿದು, "ಇಬ್ಬರೂ ಕೂಡಿ ನಡಸ್ಕೊಂಡು ಹೋಗ್ರಿ," ಎಂದಿದ್ದರು.

ನಿನ್ನ ನಂಬಿಕೆ ಬದಲಾದದ್ದಕ್ಕೆ ನನಗೆ ಸಿಟ್ಟಿಲ್ಲ. ಯುಗಾದಿಗೆ ನೀನು ಬ್ಯಾಡಗಿಯಿಂದ ಬಂದು ನಮ್ಮನೆಯಲ್ಲಿ ಹೋಳಿಗೆ ಉಂಡೆ. ಪಂಜಾನ ಹೊಳೆಗೆ ಬಿಡಬೇಕೆಂದು ಆಗಲೇ ಮನಸ್ಸು ಮಾಡಿದ್ದೆಯಂತೆ. ನನಗೆ ಒಂದು ಮಾತು ಹೇಳಲಿಲ್ಲ. ಬೇಡವಾಗಿದ್ದರೆ ನನಗೆ ಕೊಡಬಹುದಿತ್ತು. ನಮ್ಮ ಜಗುಲಿಯ ಮೇಲೆ ಇಟ್ಟುಕೊಳ್ಳುತ್ತಿದ್ದೆ.

ಹೊಳೆಯಲ್ಲಿ ಯಾವ ಜಾಗಕ್ಕೆ ಬಿಟ್ಟೆ ಎಂಬುದನ್ನಾದರೂ ಬರೆದು ತಿಳಿಸು. ನಾನು ಒಮ್ಮೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕುಳಿತು ಬರಬೇಕು.

ಇಷ್ಟಾದರೂ ನಿನ್ನ ಅಕ್ಕ,
ನೀಲಗಂಗವ್ವ