ಒಂದೇ ಸಲಕ್ಕೆ ಹಿಡಿದ ಹೆಬ್ಬೆಟ್ಟು

ಸರಸಂಬಾ,
ಮಂಗಳವಾರ, 11 ನವೆಂಬರ್ 2025

ಪ್ರೀತಿಯ ಅಣ್ಣಾ, ಶರಣು.

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಜೈಲಿನ ಸಾರು ನನ್ನ ಸಾರಿಗಿಂತ ರುಚಿ ಎಂದು ಭೇಟಿಗೆ ಬಂದಾಗ ಅಂದೆಯಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಈ ಪತ್ರವನ್ನು ನಿನಗಿಂತ ಮೊದಲು ಓದುವ ಸಾಹೇಬರಿಗೂ ಶರಣು ಹೇಳು. ತೊಗರಿ ಹೂವಾಗಿದೆ. ಯಾವ ಬದುವಿನ ಜಗಳಕ್ಕೆ ನೀನು ಒಳಗೆ ಹೋದೆಯೋ, ಆ ಕಡೆ ನಾನು ನೋಡುವುದನ್ನೇ ಬಿಟ್ಟಿದ್ದೇನೆ.

ನವೆಂಬರ್ 2ರ ಭಾನುವಾರ ನಿನ್ನ ಫೋನು ನಮಗೆ ತಲುಪಲಿಲ್ಲ. ಎರಡು ವಾರಕ್ಕೊಮ್ಮೆ ಸಿಗುವ ಮಾತು ಅದು, ನೀನು ಎಷ್ಟು ನೊಂದಿರುತ್ತೀಯೋ. ಆದದ್ದು ಹೀಗೆ. ಅವ್ವ ಆಳಂದದ ಸಂತೆಗೆ ಹೋಗಿದ್ದಾಗ ಬಸ್ ನಿಲ್ದಾಣದ ಹತ್ತಿರ ದೊಡ್ಡ ಛತ್ರಿಯ ಕೆಳಗೆ ಒಬ್ಬ ಮಶಿನ್ ಇಟ್ಟುಕೊಂಡು ಕುಳಿತಿದ್ದನಂತೆ. "ಯವ್ವಾ, ಫೋನ್ ಕೊಡ್ರಿ, ಇಲ್ಲಿ ಹೆಬ್ಬೆಟ್ಟ ಒತ್ರಿ" ಅಂದನಂತೆ. ಹೆಬ್ಬೆಟ್ಟಿನ ಮಶಿನ್ ಎಂದರೆ ಅವ್ವನಿಗೆ ರೇಷನ್ನಿನದೇ. ಆಧಾರ್ ಕಾರ್ಡನ್ನೂ ತೋರಿಸಿ ಒತ್ತಿದಳು. ಕಳೆ ಕಿತ್ತು ಸವೆದ ಅವಳ ಹೆಬ್ಬೆಟ್ಟು ರೇಷನ್ ಅಂಗಡಿಯಲ್ಲಿ ಹಿಡಿಯುವುದೇ ಇಲ್ಲ, ಸೆರಗಿಗೆ ಒರೆಸಿ ಒರೆಸಿ ಸಾಕಾಗುತ್ತದೆ, ನಿನಗೇ ಗೊತ್ತು. "ಈ ಮಶಿನ್ ಛಲೋ ಅದ, ಒಂದೇ ಸಲಕ್ಕ ಹಿಡೀತು" ಎಂದು ಮನೆಗೆ ಬಂದು ಹಿಗ್ಗಿದಳು. ಅವನು ಕೊಟ್ಟ ಪುಟ್ಟ ಲಕೋಟೆಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಳು.

ಭಾನುವಾರ ಫೋನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕುಳಿತಳು. ಅದು ರಿಂಗಾಗಲೇ ಇಲ್ಲ. ಊಟಕ್ಕೂ ಏಳಲಿಲ್ಲ. ಮರುದಿನ ಮಾದನಹಿಪ್ಪರಗಾದಲ್ಲಿ ಫೋನ್ ರಿಪೇರಿ ಮಾಡುವ ಯಾಕೂಬಸಾಬನಿಗೆ ತೋರಿಸಿದೆ. "ಫೋನಿಗಿ ಏನೂ ಆಗಿಲ್ಲ ತಂಗಿ, ನಂಬರ್ ಬ್ಯಾರೆ ಕಂಪನಿಗಿ ಹೋಗ್ಯದ" ಅಂದ. ಆ ಲಕೋಟೆಯಲ್ಲಿದ್ದದ್ದೇ ಹೊಸ ಸಿಮ್. ನಾವು ಯಾರೂ ಕೇಳಿರಲಿಲ್ಲ ಎಂದರೆ, ನಿಮ್ಮ ತಾಯಿಯ ಹೆಬ್ಬೆಟ್ಟಿದೆ ಎನ್ನುತ್ತಾರೆ ಹಳೆ ಕಂಪನಿಯವರು. ಮೂರು ತಿಂಗಳು ವಾಪಸ್ ಬಿಡುವುದಿಲ್ಲ ಎನ್ನುತ್ತಾರೆ ಹೊಸಬರು. ದೂರು ಬರೆದುಕೊಟ್ಟಿದ್ದೇನೆ. ಜೈಲಿನಲ್ಲಿ ಬರೆಸಿರುವುದು ಅದೊಂದೇ ನಂಬರ್ ಆದ್ದರಿಂದ ಆ ಹೊಸ ಸಿಮ್ಮನ್ನೇ ಹಾಕಿಕೊಂಡಿದ್ದೇವೆ.

ಅವ್ವನಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. "ನಂಬರ್ ಅದೇ ಅದ ಅಂತೀ, ಮತ್ಯಾಕ ಫೋನ್ ಹಚ್ಚಲಿಲ್ಲ? ಹ್ವಾದ ಸಲ ನಾನೇ ರಾಜಿ ಮಾಡ್ಕೋ ಅಂದಿದ್ನಲ್ಲ, ಅದಕ್ಕ ಸಿಟ್ಟಾಗ್ಯಾನ ನನ್ನ ಮಗ" ಎನ್ನುವುದೊಂದೇ. ಎಷ್ಟು ಹೇಳಿದರೂ ನಂಬಲಿಲ್ಲ. ಅವಳ ಮುಖ ನೋಡಲಾಗದೆ ಹಿತ್ತಲಿಗೆ ಹೋಗಿ ಅತ್ತೆ.

ಆರೋಗ್ಯ ನೋಡಿಕೋ. ಅವ್ವನ ಆಶೀರ್ವಾದ ಸದಾ ನಿನ್ನ ಮೇಲಿದೆ.

ನಿನ್ನ ತಂಗಿ,
ಪಲ್ಲವಿ

ತಾ.ಕ.: ಅಣ್ಣಾ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಕಳೆದ ಬುಧವಾರ ಅವ್ವನಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ. ಜೀವಕ್ಕೆ ಭಯವಿಲ್ಲ, ಆದರೆ ಮಾತು ಹೋಗಿದೆ. ಕಿವಿ ಕೇಳಿಸುತ್ತದೆ. ಹೊಸ ಸಿಮ್ಮಿಗೆ ಮನೆಯಲ್ಲಿ ಸಿಗ್ನಲ್ ಇಲ್ಲ, ಗುರಣ್ಣನ ಹಿಟ್ಟಿನ ಗಿರಣಿಯ ಮುಂದೆ ಮಾತ್ರ ಸಿಗುತ್ತದೆ. ಬರುವ ಭಾನುವಾರ ಅವಳನ್ನು ಮಲಗಿದ ಹೊರಸಿನ ಸಮೇತ ಅಲ್ಲಿಗೆ ಹೊತ್ತು ತರುತ್ತೇವೆ. ಗುರಣ್ಣ ಗಿರಣಿ ನಿಲ್ಲಿಸುತ್ತಾನಂತೆ. ಫೋನು ಅವಳ ಕಿವಿಗೆ ಹಿಡಿಯುತ್ತೇನೆ. ನಿನಗೆ ಸಿಟ್ಟಿಲ್ಲ ಎಂದು ಮೊದಲು ಹೇಳು, ಆಮೇಲೆ ಏನಾದರೂ ಮಾತಾಡುತ್ತಲೇ ಇರು. ಉತ್ತರ ಬರುವುದಿಲ್ಲ. ಅವ್ವ ಸಿಟ್ಟಾಗಿದ್ದಾಳೆ ಎಂದುಕೊಂಡು ಫೋನು ಇಡಬೇಡ.